ಮೊದಲು ಬಿಲ್ ಓದಿ, ಆಮೇಲೆ ಗಿಡ ನೆಡಿ: ಗಂಗೊಳ್ಳಿಯ ಕಂಪೆನಿಗಳಿಗೊಂದು ಪರಿಸರ ಕೈಪಿಡಿ

ಜೂನ್ 5 ವಿಶ್ವ ಪರಿಸರ ದಿನ. ಅಂಗಳದಲ್ಲಿ ನಾಲ್ಕು ಗಿಡ ನೆಟ್ಟು, ಬ್ಯಾನರ್ ಹಿಡಿದು ಫೋಟೊ ತೆಗೆಸಿ, ಚಹಾ-ಬನ್ಸ್ ಮುಗಿಸಿದರೆ ಆ ವರ್ಷದ ಪರಿಸರ ಕೆಲಸ ಆಯಿತು ಎಂದುಕೊಳ್ಳುವ ಕಂಪೆನಿಗಳೇ ಹೆಚ್ಚು. ಗಿಡ ನೆಡುವುದು ತಪ್ಪಲ್ಲ. ಆದರೆ ಚೆನ್ನಾಗಿ ಬೆಳೆದ ಒಂದು ಮರ ವರ್ಷವಿಡೀ ಹೀರುವ ಇಂಗಾಲದ ಡೈಆಕ್ಸೈಡ್ ಇಪ್ಪತ್ತು ಕಿಲೊ ಆಸುಪಾಸು ಎಂಬುದು ಸಾಮಾನ್ಯ ಅಂದಾಜು. ಒಂದು ಲೀಟರ್ ಡೀಸೆಲ್ ಉರಿದರೆ ಹೊರಬರುವುದು ಸುಮಾರು 2.7 ಕಿಲೊ. ಅಂದರೆ ಒಂದು ಮರದ ಇಡೀ ವರ್ಷದ ದುಡಿಮೆ ಏಳೆಂಟು ಲೀಟರ್ ಡೀಸೆಲಿಗೆ ಮುಗಿದುಹೋಗುತ್ತದೆ. ಗಂಗೊಳ್ಳಿ ಬಂದರಿನಿಂದ ಹೊರಡುವ ಒಂದು ಟ್ರಾಲ್ ಬೋಟು ಅಳಿವೆ ದಾಟಿ ತುಸು ದೂರ ಹೋಗುವಷ್ಟರಲ್ಲಿ ಅಷ್ಟು ಡೀಸೆಲ್ ಉರಿದಿರುತ್ತದೆ.

ಇಲ್ಲಿ ಕಂಪೆನಿ ಎಂದರೆ ಗಾಜಿನ ಕಟ್ಟಡವಲ್ಲ. ಐಸ್ ಪ್ಲಾಂಟ್, ಮೀನು ತೊಳೆದು ಪ್ಯಾಕ್ ಮಾಡುವ ಶೆಡ್, ಮೀನು ಸಾಗಿಸುವ ಲಾರಿಗಳು, ಎಂಜಿನ್ ವರ್ಕ್‌ಶಾಪ್, ಬಲೆ ಅಂಗಡಿ. ತುಸು ಒಳಗೆ ಬಂದರೆ ಕುಂದಾಪುರ, ಬೈಂದೂರು ಕಡೆಯ ಗೇರುಬೀಜ ಕಾರ್ಖಾನೆಗಳು, ಬ್ರಹ್ಮಾವರ ಕಡೆಯ ಅಕ್ಕಿ ಮಿಲ್ಲುಗಳು. ಐದು, ಹತ್ತು, ಐವತ್ತು ಜನ ದುಡಿಯುವ ಜಾಗಗಳಿವು. "ನಮ್ದ್ ಸಣ್ ಕಂಪ್ನಿ ಮರಾಯ್ರೆ, ನಮ್ಮಿಂದ ಎಂತ ಆತ್ತ್?" ಎಂಬ ಪ್ರಶ್ನೆ ಸಹಜ. ಉತ್ತರ ಊರಿನ ನಕ್ಷೆಯಲ್ಲೇ ಇದೆ. ಘಟ್ಟದಿಂದ ಇಳಿದು ಬರುವ ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟಾ ಎಂಬ ಐದು ಹೊಳೆಗಳು ಪಂಚಗಂಗಾವಳಿಯಾಗಿ ಸಮುದ್ರ ಸೇರುವುದು ಇದೇ ಅಳಿವೆಯಲ್ಲಿ. ಮೀನು ಬರುವುದೂ ಅದೇ ಬಾಗಿಲಿನಿಂದ, ನಮ್ಮ ಕೊಳಕು ಹೋಗುವುದೂ ಅದೇ ಬಾಗಿಲಿನಿಂದ. ಬೇರೆ ಊರಿನ ಕಂಪೆನಿಗೆ ಪರಿಸರ ಹಾಳಾದರೆ ಹೆಸರು ಕೆಡಬಹುದು. ಗಂಗೊಳ್ಳಿಯ ಕಂಪೆನಿಗೆ ಕಚ್ಚಾಮಾಲೇ ಇಲ್ಲವಾಗುತ್ತದೆ.

ಹಾಗಾಗಿ ಇಲ್ಲಿ ಹೇಳುವ ಕೆಲಸಗಳೆಲ್ಲ ಕಂಪೆನಿಯ ಲೆಕ್ಕದ ಪುಸ್ತಕದಿಂದಲೇ ಶುರುವಾಗುತ್ತವೆ. ಎಲ್ಲಿ ಖರ್ಚು ಸೋರುತ್ತಿದೆಯೋ ಬಹುತೇಕ ಅಲ್ಲೇ ಪರಿಸರವೂ ಸೋರುತ್ತಿರುತ್ತದೆ.

ನಾಲ್ಕು ಸಾಲಿನ ಲೆಕ್ಕ

ಕಳೆದ 12 ತಿಂಗಳ ಬಿಲ್‌ಗಳನ್ನು ಮೇಜಿನ ಮೇಲೆ ಹರಡಿ. ಒಂದು ನೋಟ್‌ಬುಕ್‌ನಲ್ಲಿ ತಿಂಗಳಿಗೊಂದರಂತೆ ನಾಲ್ಕು ಅಂಕಿ ಬರೆಯಿರಿ: ಎಷ್ಟು ಯೂನಿಟ್ ಕರೆಂಟು, ಎಷ್ಟು ಲೀಟರ್ ಡೀಸೆಲ್, ಎಷ್ಟು ನೀರು, ಎಷ್ಟು ಟನ್ ಉತ್ಪಾದನೆ. ನಂತರ ಮೊದಲ ಮೂರನ್ನು ಕೊನೆಯದರಿಂದ ಭಾಗಿಸಿ. ಒಂದು ಟನ್ ಮಂಜುಗಡ್ಡೆಗೆ ಎಷ್ಟು ಯೂನಿಟ್, ಒಂದು ಟನ್ ಮೀನಿಗೆ ಎಷ್ಟು ಲೀಟರ್ ನೀರು ಎಂಬುದು ಸಿಗುತ್ತದೆ. ಈ ಭಾಗಲಬ್ಧವೇ ಮುಖ್ಯ. ಮೀನು ಕಡಿಮೆ ಬಂದ ತಿಂಗಳು ಬಿಲ್ ಇಳಿದರೆ ಅದು ಉಳಿತಾಯವಲ್ಲ. ಟನ್ನಿಗೆ ತಗಲುವ ಯೂನಿಟ್ ಇಳಿದರೆ ಮಾತ್ರ ಉಳಿತಾಯ.

ಇಂಗಾಲದ ಲೆಕ್ಕವೂ ಕಷ್ಟದ್ದಲ್ಲ. ಡೀಸೆಲ್ ಲೀಟರಿಗೆ 2.7 ಕಿಲೊ, ನಮ್ಮ ದೇಶದ ಗ್ರಿಡ್ ಕರೆಂಟಿಗೆ ಯೂನಿಟಿಗೆ ಸುಮಾರು 0.7 ಕಿಲೊ ಎಂದು ಗುಣಿಸಿ. ವಾರಾಹಿಯ ನೀರಿನಿಂದ ಹೊಸಂಗಡಿಯ ಭೂಗತ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಉತ್ಪಾದನೆ ಇದೆಯಲ್ಲ, ನಮ್ಮ ಕರೆಂಟು ಶುದ್ಧವೇ ಎಂದು ವಾದಿಸುವವರಿದ್ದಾರೆ. ಆದರೆ ತಂತಿಯಲ್ಲಿ ಬರುವ ಕರೆಂಟಿಗೆ ಊರಿಲ್ಲ. ವಾರಾಹಿಯದ್ದೂ, ಎಲ್ಲೂರಿನ ಕಲ್ಲಿದ್ದಲಿನದ್ದೂ ಒಂದೇ ಗ್ರಿಡ್‌ಗೆ ಸೇರಿ ಬರುತ್ತದೆ. ಆದ್ದರಿಂದ ದೇಶದ ಸರಾಸರಿಯನ್ನೇ ಹಿಡಿಯುವುದು ವಾಡಿಕೆ.

ದೊಡ್ಡ ಕಂಪೆನಿಗಳು ಈ ಲೆಕ್ಕವನ್ನು ಮೂರು ಸ್ಕೋಪ್‌ಗಳಾಗಿ ಒಡೆಯುತ್ತವೆ. ನಮ್ಮ ಎಂಜಿನ್ನು, ಬಾಯ್ಲರು ನೇರವಾಗಿ ಉಗುಳುವ ಹೊಗೆ ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ನಾವು ಕೊಳ್ಳುವ ಮಾಲು, ಬಾಡಿಗೆ ಲಾರಿ, ಮಾರಿದ ಮೇಲೆ ಉಳಿಯುವ ಕಸ ಇವೆಲ್ಲ ಸ್ಕೋಪ್ 3. ಭಾರತದ ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳು 2022-23ರಿಂದ ಸೆಬಿಗೆ ಸ್ಕೋಪ್ 1, 2ರ ಲೆಕ್ಕವಿರುವ ವರದಿ ಕೊಡಲೇಬೇಕು. ಅವುಗಳಿಗೆ ಮಾಲು ಪೂರೈಸುವ ಸಣ್ಣ ಕಂಪೆನಿಗೂ ನಾಳೆ ಈ ಪ್ರಶ್ನೆ ಬರುತ್ತದೆ. ನೋಟ್‌ಬುಕ್ ಇದ್ದವರಿಗೆ ಆಗ ಗಾಬರಿಯಿಲ್ಲ.

ಮಂಜುಗಡ್ಡೆಯಲ್ಲಿ ಕರಗುವ ಕರೆಂಟು

ಬಂದರಿನ ಉದ್ಯಮದಲ್ಲಿ ಕರೆಂಟಿನ ದೊಡ್ಡ ಪಾಲು ಹೋಗುವುದು ಐಸ್‌ಗೆ. ನಮ್ಮಂಥ ಸೆಕೆಯ ಊರಿನಲ್ಲಿ ಒಂದು ಟನ್ ಐಸ್ ಬ್ಲಾಕ್ ಮಾಡಲು ಸುಮಾರು 55ರಿಂದ 70 ಯೂನಿಟ್ ಬೇಕು. ನಿಮ್ಮ ಪ್ಲಾಂಟಿನ ಅಂಕಿ ಇದಕ್ಕಿಂತ ತುಂಬ ಮೇಲಿದ್ದರೆ ಎಲ್ಲೋ ತೂತಿದೆ ಎಂದರ್ಥ.

ಮೊದಲು ಕಂಡೆನ್ಸರ್ ನೋಡಿ. ಗಡಸು ನೀರಿನ ಸುಣ್ಣ, ಪಾಚಿ ಕಟ್ಟಿಕೊಂಡ ಪೈಪು ಶಾಖವನ್ನು ಹೊರಗೆ ಬಿಡುವುದಿಲ್ಲ, ಕಂಪ್ರೆಸರ್ ಹೆಚ್ಚು ಏದುಸಿರು ಬಿಡುತ್ತದೆ. ಆಮೇಲೆ ಉಪ್ಪುನೀರಿನ ಟ್ಯಾಂಕಿನ ಉಷ್ಣಾಂಶ. ಬೇಗ ಗಡ್ಡೆ ಕಟ್ಟಲಿ ಎಂದು ಅಗತ್ಯಕ್ಕಿಂತ ತಣ್ಣಗೆ ಓಡಿಸುವ ರೂಢಿ ಇದೆ. ಇವಾಪರೇಟರ್ ಉಷ್ಣಾಂಶವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಿದರೆ ಕರೆಂಟಿನಲ್ಲಿ ಸುಮಾರು ಶೇ. 3 ಉಳಿಯುತ್ತದೆ ಎಂಬುದು ಶೀತಲೀಕರಣದ ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಲೆಕ್ಕ. ಟ್ಯಾಂಕಿನ ಮೇಲಿನ ಮರದ ಮುಚ್ಚಳ ಒಡೆದಿದ್ದರೆ, ಬದಿಯ ಇನ್ಸುಲೇಶನ್ ನೆನೆದು ಸತ್ತಿದ್ದರೆ, ಕ್ಯಾನ್‌ಗೆ ತುಂಬುವ ನೀರಿನ ಟ್ಯಾಂಕ್ ಬಿಸಿಲಲ್ಲಿ ಕಾಯುತ್ತಿದ್ದರೆ, ಪ್ರತಿಯೊಂದೂ ಮೀಟರನ್ನು ತಿರುಗಿಸುತ್ತದೆ. ನೀರಿನ ಟ್ಯಾಂಕಿಗೆ ಒಂದು ಮಾಡು ಹಾಕಿಸುವುದಕ್ಕಿಂತ ಅಗ್ಗದ ಪರಿಸರ ಯೋಜನೆ ಸಿಗುವುದು ಕಷ್ಟ.

ಒಂದು ಉದಾಹರಣೆ ಲೆಕ್ಕ ಹಾಕೋಣ. ದಿನಕ್ಕೆ 20 ಟನ್ ಐಸ್, ಟನ್ನಿಗೆ 65 ಯೂನಿಟ್ ಎಂದರೆ ದಿನಕ್ಕೆ 1,300 ಯೂನಿಟ್. ಇದರಲ್ಲಿ ಶೇ. 10 ಉಳಿಸಿದರೆ ದಿನಕ್ಕೆ 130 ಯೂನಿಟ್, ವರ್ಷಕ್ಕೆ 250 ದಿನ ಓಡಿದರೆ 32,500 ಯೂನಿಟ್. ಇಂಗಾಲದ ಲೆಕ್ಕದಲ್ಲಿ ಅದು 22 ಟನ್ನಿಗೂ ಹೆಚ್ಚು. ಸಾವಿರಕ್ಕೂ ಮಿಕ್ಕಿದ ಬೆಳೆದ ಮರಗಳ ಕೆಲಸವನ್ನು ಒಂದು ಮಾಡು, ಒಂದು ಬ್ರಶ್ಶು, ಒಂದು ಥರ್ಮಾಮೀಟರು ಮಾಡಿದಂತಾಯಿತು.

ಮಾಡಿದ ಐಸ್ ಎಲ್ಲಿ ಕರಗುತ್ತದೆ ಎಂಬುದು ಮುಂದಿನ ಪ್ರಶ್ನೆ. ನಮ್ಮ ಹವೆಯಲ್ಲಿ ಮೀನು ಮತ್ತು ಐಸ್ ಸಮಸಮ ತೂಕದಲ್ಲಿ ಇರಬೇಕು ಎನ್ನುತ್ತಾರೆ ತಜ್ಞರು. ಬೋಟಿನ ಐಸ್ ಕೋಣೆಯ ಗೋಡೆಗೆ ಪಫ್ ಇನ್ಸುಲೇಶನ್ ಸರಿಯಿದ್ದರೆ ಅಷ್ಟು ಸಾಕು. ಇಲ್ಲದಿದ್ದರೆ ಸಮುದ್ರದ ಸೆಕೆಯನ್ನು ತಣಿಸಲು ಐಸ್ ಒಯ್ದಂತೆ. ಐಸ್ ಕಮ್ಮಿಯಾಗಿ ಹಾಳಾದ ಮೀನಿನ ಹಿಂದೆ ಅದನ್ನು ಹಿಡಿಯಲು ಸುಟ್ಟ ಡೀಸೆಲೂ ಹಾಳಾಗಿರುತ್ತದೆ. ಈ ಸರಪಳಿಯಲ್ಲಿ ಅತಿ ದೊಡ್ಡ ನಷ್ಟ ಅದೇ.

ಕಣ್ಣಿಗೆ ಕಾಣದ ಗ್ಯಾಸು

ಐಸ್ ಪ್ಲಾಂಟ್‌ಗಳಲ್ಲಿ ಬಳಸುವ ಅಮೋನಿಯಾ ವಿಷಕಾರಿ, ಆದರೆ ಹವಾಮಾನವನ್ನು ಬಿಸಿ ಮಾಡುವ ಅನಿಲವಲ್ಲ. ಅದರ ವಿಷಯದಲ್ಲಿ ಜೀವಸುರಕ್ಷೆಯೇ ದೊಡ್ಡದು: ಸೋರಿಕೆ ಪತ್ತೆ ಯಂತ್ರ, ಮುಖವಾಡ, ಗಾಳಿಯ ದಿಕ್ಕು ತೋರಿಸುವ ಪತಾಕೆ, ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ.

ತಣ್ಣಗಿನ ಗೋದಾಮು, ಶೀತಲ ಲಾರಿಗಳ ಗ್ಯಾಸು ಬೇರೆ ಕತೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಆರ್-404ಎ ಒಂದು ಕಿಲೊ ಸೋರಿದರೆ 3,900 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಸುಮಾರು 1,450 ಲೀಟರ್ ಡೀಸೆಲ್ ಸುಟ್ಟಂತೆ. "ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವುದು ಇದ್ದದ್ದೇ" ಎನ್ನುವ ಮೆಕ್ಯಾನಿಕ್‌ನ ಮಾತನ್ನು ಒಪ್ಪಬೇಡಿ. ಮುಚ್ಚಿದ ಪೈಪಿನಿಂದ ಗ್ಯಾಸು ತಾನಾಗಿ ಖಾಲಿಯಾಗುವುದಿಲ್ಲ. ಸೋರುವ ಜಾಗ ಹುಡುಕಿ ಬೆಸುಗೆ ಹಾಕಿದ ಮೇಲೆಯೇ ತುಂಬಿಸಲು ಹೇಳಿ, ತುಂಬಿಸಿದ ಕಿಲೊ ಲೆಕ್ಕವನ್ನು ಬಿಲ್‌ನಲ್ಲಿ ಬರೆಸಿಕೊಳ್ಳಿ. ಹೊಸ ಯಂತ್ರ ಕೊಳ್ಳುವಾಗ ಅದರಲ್ಲಿ ಯಾವ ಗ್ಯಾಸು ಎಂದು ಕೇಳುವುದನ್ನು ಮರೆಯಬೇಡಿ.

ಮಾಡಿನ ಮೇಲಿನ ಬಿಸಿಲು

ಉಳಿಸುವ ಕೆಲಸ ಮುಗಿದ ಮೇಲೆ ಸೌರ ಫಲಕದ ಮಾತು. ನಮ್ಮಲ್ಲಿ ಒಂದು ಕಿಲೊವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 50 ಕಿಲೊವಾಟ್ ಹಾಕಿದರೆ ದಿನಕ್ಕೆ 200 ಯೂನಿಟ್. ಮಳೆಗಾಲದಲ್ಲಿ ಇದು ಇಳಿಯುತ್ತದೆ, ಆದರೆ ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಯೇ ನಿಂತು ಐಸ್‌ಗೆ ಬೇಡಿಕೆಯೂ ಕಡಿಮೆ. ಬಿಸಿಲು ಹೆಚ್ಚಿರುವ ಜನವರಿಯಿಂದ ಮೇ ತನಕವೇ ಐಸ್ ಮಾಡಲು ಕರೆಂಟು ಹೆಚ್ಚು ಬೇಕಾಗುವುದು. ಬಂದರಿನ ಉದ್ಯಮಕ್ಕೂ ಸೂರ್ಯನಿಗೂ ಹೀಗೆ ಹೊಂದಿಕೆ ಇದೆ.

ಸಮುದ್ರದ ಪಕ್ಕದ ಕಂಪೆನಿ ಎರಡು ವಿಷಯ ನೋಡಬೇಕು. ಉಪ್ಪುಗಾಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಫಲಕವೇ ಬೇಕು. ಆ ಪರೀಕ್ಷೆಯ ಹೆಸರು ಐಇಸಿ 61701, ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಫಲಕ ನಿಲ್ಲಿಸುವ ಚೌಕಟ್ಟು, ಬೋಲ್ಟು, ನಟ್ಟು ಸಹ ತುಕ್ಕು ತಡೆಯುವಂಥವಿರಲಿ. ಅಗ್ಗದ ಕಬ್ಬಿಣ ಇಲ್ಲಿ ಕೆಲವು ಮಳೆಗಾಲದಲ್ಲೇ ಪುಡಿಯಾಗುತ್ತದೆ. ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ ಕೊಡುವ ನಿಯಮ, ಹೊತ್ತಿಗೆ ತಕ್ಕ ದರ, ಪವರ್ ಫ್ಯಾಕ್ಟರ್ ದಂಡ ಈ ಮೂರನ್ನೂ ಮೆಸ್ಕಾಂ ಕಚೇರಿಯಲ್ಲಿ ಕುಳಿತು ಕೇಳಿ ತಿಳಿದುಕೊಳ್ಳಿ. ಎಷ್ಟೋ ಪ್ಲಾಂಟುಗಳಲ್ಲಿ ಒಂದು ಕೆಪಾಸಿಟರ್ ಬದಲಿಸಿದರೆ ತಿಂಗಳ ದಂಡವೇ ನಿಲ್ಲುತ್ತದೆ.

ಡೀಸೆಲ್: ಒಂದು ನಾಟ್ ನಿಧಾನ

ಬೋಟ್ ಇಟ್ಟುಕೊಂಡ ಕಂಪೆನಿಗೆ ಅತಿ ದೊಡ್ಡ ಖರ್ಚು ಡೀಸೆಲ್. ಕರರಹಿತ ಡೀಸೆಲ್ ಸಿಕ್ಕರೂ ಹೊಗೆಗೆ ರಿಯಾಯಿತಿ ಇಲ್ಲ. ನೀರಿನಲ್ಲಿ ವೇಗ ಹೆಚ್ಚಿದಷ್ಟೂ ಬೇಕಾದ ಶಕ್ತಿ ಹೆಚ್ಚುಕಡಿಮೆ ಅದರ ಘನದ ಲೆಕ್ಕದಲ್ಲಿ ಏರುತ್ತದೆ. ಎಂಟು ನಾಟ್ ವೇಗದಲ್ಲಿ ಹೋಗುವ ಬೋಟು ಏಳು ನಾಟ್‌ಗೆ ಇಳಿಸಿದರೆ ಅಷ್ಟೇ ದೂರಕ್ಕೆ ಡೀಸೆಲ್ ಸುಮಾರು ಶೇ. 20ಕ್ಕೂ ಹೆಚ್ಚು ಕಡಿಮೆ ಸಾಕು. ಮೀನಿನ ಜಾಗ ತಲುಪಲು ಏಳು ಗಂಟೆಯ ದಾರಿ ಎಂಟು ಗಂಟೆಯಾಗಬಹುದು, ಅಷ್ಟೇ. ಬೋಟು ನಡೆಸುವ ತಾಂಡೇಲರಿಗೆ ವೇಗ ಇಳಿಸಿ ಎಂದರೆ ಸಾಲದು, ಉಳಿದ ಡೀಸೆಲಿನಲ್ಲಿ ಒಂದು ಪಾಲು ಅವರಿಗೂ ಸಿಗಲಿ. ಪಾಲಿನ ಲೆಕ್ಕದಲ್ಲಿ ದುಡಿಯುವ ಕಸುಬಿನಲ್ಲಿ ಉಪದೇಶಕ್ಕಿಂತ ಪಾಲು ಬೇಗ ಅರ್ಥವಾಗುತ್ತದೆ.

ಬೋಟಿನ ಅಡಿಗೆ ಹತ್ತಿದ ಚಿಪ್ಪು, ಪಾಚಿ ಕೆರೆಸುವುದು, ಬಾಗಿದ ಫ್ಯಾನ್ ಸರಿಮಾಡಿಸುವುದು, ಬಲೆಯ ಮುಂಭಾಗದಲ್ಲಿ ದೊಡ್ಡ ಕಣ್ಣು, ತೆಳು ದಾರ ಬಳಸಿ ಎಳೆತ ಇಳಿಸುವುದು ಇವೆಲ್ಲ ಮಳೆಗಾಲದ ರಜೆಯಲ್ಲಿ ಆಗುವ ಕೆಲಸ. ಟ್ರಾಲ್ ಬೋಟಿನಲ್ಲಿ ಡೀಸೆಲ್ ಹೆಚ್ಚು ಉರಿಯುವುದು ಬಲೆ ಎಳೆಯುವಾಗಲೇ ಎಂಬುದು ನೆನಪಿರಲಿ.

ನೆಲದ ಮೇಲೂ ಇದೇ ಲೆಕ್ಕ. ಗಂಗೊಳ್ಳಿಯ ದಡದಲ್ಲಿ ನಿಂತರೆ ಕುಂದಾಪುರ ಕಣ್ಣೆದುರಿಗಿದೆ, ಆದರೆ ಲಾರಿ ಹೋಗಬೇಕಾದದ್ದು ಹೆದ್ದಾರಿ ಹಿಡಿದು ಹೆಮ್ಮಾಡಿ, ತಲ್ಲೂರು ಸುತ್ತಿ. ಇಂಥ ಊರಿನಲ್ಲಿ ಅರ್ಧ ತುಂಬಿದ ಲಾರಿ ಎರಡು ಸಲ ಓಡುವುದು ದುಬಾರಿ ಸೋಮಾರಿತನ. ಪಕ್ಕದ ಎರಡು ಕಂಪೆನಿಗಳು ಒಂದೇ ಲಾರಿಯಲ್ಲಿ ಮಾಲು ಕಳಿಸಿದರೆ, ವಾಪಸು ಬರುವಾಗ ಖಾಲಿ ಬಾರದೆ ಪೆಟ್ಟಿಗೆ, ಉಪ್ಪು, ಬಿಡಿಭಾಗ ತಂದರೆ ಡೀಸೆಲ್ ಅರ್ಧಕ್ಕಿಳಿಯುತ್ತದೆ. ಕೆಲಸಗಾರರನ್ನು ಕರೆತರಲು ಹತ್ತು ಬೈಕಿನ ಬದಲು ಒಂದು ವ್ಯಾನು ಸಾಕು.

ಕೊಳ್ಳುವವನ ಕೈಯಲ್ಲಿರುವ ಅಳತೆಕೋಲು

ಬೋಟ್ ಇಲ್ಲದ ಕಂಪೆನಿಗೂ ಸಮುದ್ರದ ಮೇಲೆ ಅಧಿಕಾರವಿದೆ, ಅದು ಖರೀದಿಯ ಅಧಿಕಾರ. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಆಗುವ ಮೊದಲು ಹಿಡಿಯಬಾರದು ಎನ್ನುತ್ತದೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸು. ಮರಿಮೀನು ಹಿಡಿಯುವವರಿದ್ದಾರೆ ಎಂದರೆ ಕೊಳ್ಳುವವರಿದ್ದಾರೆ ಎಂದೇ ಅರ್ಥ. ಅದರಲ್ಲಿ ಬಹುಪಾಲು ಹೋಗುವುದು ಮೀನಿನ ಹುಡಿಗೆ. ನಾಲ್ಕೈದು ಟನ್ ಹಸಿ ಮೀನು ಬೇಯಿಸಿ ಒಣಗಿಸಿದರೆ ಸಿಗುವುದು ಒಂದು ಟನ್ ಹುಡಿ. ಇನ್ನೊಂದು ವರ್ಷ ಬಿಟ್ಟಿದ್ದರೆ ಊಟದ ತಟ್ಟೆಗೆ ಒಳ್ಳೆಯ ಬೆಲೆಗೆ ಹೋಗುತ್ತಿದ್ದ ಮೀನದು.

ಪಕ್ಕದ ಕೇರಳದ ಪಾಠ ಮುಂದಿದೆ. ಅಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಅದಕ್ಕೆ ಬಲೆಯೊಂದೇ ಕಾರಣವಲ್ಲ, ಸಮುದ್ರದ ಬಿಸಿಯೇರಿಕೆ, ಹವೆಯ ಏರಿಳಿತವೂ ಸೇರಿದೆ. ಹವೆ ನಮ್ಮ ಕೈಯಲ್ಲಿಲ್ಲ, ಅಳತೆಕೋಲು ನಮ್ಮ ಕೈಯಲ್ಲಿದೆ. ತೂಕದ ಮೇಜಿನ ಪಕ್ಕ ಒಂದು ಅಳತೆ ಹಲಗೆ ಇಡಿ. ಮರಿಮೀನು ಕೊಳ್ಳುವುದಿಲ್ಲ, ಬೆಳಕು ಮೀನುಗಾರಿಕೆಯ ಅಥವಾ ಬುಲ್ ಟ್ರಾಲ್ ಬೋಟಿನ ಮಾಲು ಬೇಡ ಎಂದು ಬರೆದು ಹಾಕಿ. ಈ ಎರಡು ವಿಧಾನಗಳನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಮರಿಮೀನು ತಪ್ಪಿಸಿಕೊಳ್ಳುವಂತೆ ಚೌಕ ಕಣ್ಣಿನ ಚೀಲವಿರುವ ಬಲೆ ಬಳಸುವ ಬೋಟಿಗೆ ಕಿಲೊಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಸುದ್ದಿ ಬಂದರಿಡೀ ಹಬ್ಬುತ್ತದೆ.

ರಫ್ತು ಮಾಡುವವರಿಗೆ ಇದು ಬರೀ ನೀತಿಯ ಮಾತಲ್ಲ. ಟ್ರಾಲ್ ಬಲೆಯಿಂದ ಆಮೆ ತಪ್ಪಿಸಿಕೊಳ್ಳುವ ಸಾಧನ ಇಲ್ಲವೆಂದು ಅಮೆರಿಕ 2019ರಿಂದ ಭಾರತದ ಸಮುದ್ರ ಸಿಗಡಿಯನ್ನು ಕೊಳ್ಳುವುದನ್ನೇ ನಿಲ್ಲಿಸಿತು. ಗಂಗೊಳ್ಳಿಯ ಎದುರು ದಡದ ಕೋಡಿ ಕಿನಾರೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಆಮೆಗೂ ಸಿಗಡಿಯ ಬೆಲೆಗೂ ಸಂಬಂಧವಿದೆ ಎಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನೀರು: ಬರುವುದು, ಹೋಗುವುದು

ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಬದಿಯ ಬಾವಿಗಳು ಉಪ್ಪಾಗುತ್ತವೆ, ಟ್ಯಾಂಕರ್ ಬರುತ್ತದೆ. ಸಾವಿರ ಚದರ ಮೀಟರ್ ಮಾಡಿರುವ ಒಂದು ಶೆಡ್ಡಿನ ಮೇಲೆ ಬೀಳುವ ಮಳೆಯಲ್ಲಿ ಶೇ. 80 ಹಿಡಿದರೂ ವರ್ಷಕ್ಕೆ 32 ಲಕ್ಷ ಲೀಟರ್. ಅಷ್ಟನ್ನೂ ಟ್ಯಾಂಕಿನಲ್ಲಿ ಕೂಡಿಡಲಾಗದು. ಆದರೆ ಸೋಸಿ ಬಾವಿಗೆ ಇಳಿಸಿದರೆ ಸಿಹಿನೀರಿನ ಒತ್ತಡ ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ. ಬೋರ್‌ವೆಲ್‌ನಿಂದ ಎಳೆದಷ್ಟೂ ಉಪ್ಪು ಒಳಗೆ ಬರುತ್ತದೆ ಎಂಬುದು ಇದೇ ಮಾತಿನ ಇನ್ನೊಂದು ಮುಖ.

ಹೊರಹೋಗುವ ನೀರಿನ ವಿಷಯದಲ್ಲಿ ಸರಳ ನಿಯಮ: ಮೊದಲು ಗುಡಿಸಿ, ಆಮೇಲೆ ತೊಳೆಯಿರಿ. ಮೀನಿನ ತುಂಡು, ಪರೆ, ಕರುಳನ್ನು ರಬ್ಬರ್ ವೈಪರ್‌ನಿಂದ ಎಳೆದು ಬಕೆಟಿಗೆ ತುಂಬಿದ ಮೇಲೆ ನೀರು ಹಾಕಿದರೆ ನೀರೂ ಅರ್ಧ ಸಾಕು, ಚರಂಡಿಯ ಕೊಳಕೂ ಕಡಿಮೆ. ಪೈಪಿನ ತುದಿಗೆ ಒತ್ತಿದಾಗ ಮಾತ್ರ ನೀರು ಬಿಡುವ ನಾಜಲ್ ಹಾಕಿ. ಚರಂಡಿಯ ಬಾಯಿಗೆ ಎರಡು ಹಂತದ ಜಾಲರಿ, ನಂತರ ಎಣ್ಣೆ-ಜಿಡ್ಡು ತಡೆಯುವ ತೊಟ್ಟಿ, ಕೊನೆಗೆ ಶುದ್ಧೀಕರಣ ಘಟಕ. ರಕ್ತ, ಕೊಬ್ಬು ಸೇರಿದ ನೀರು ಹಾಗೇ ಹೊಳೆಗೆ ಬಿದ್ದರೆ ಅದನ್ನು ಕೊಳೆಸಲು ನೀರಿನ ಆಮ್ಲಜನಕವೆಲ್ಲ ಖರ್ಚಾಗಿ, ಅಳಿವೆಯಲ್ಲಿ ಬೆಳೆಯುವ ಮರುವಾಯಿ, ಪಂಜರದಲ್ಲಿ ಸಾಕಿದ ಮೀನು ಉಸಿರುಗಟ್ಟುತ್ತವೆ. ಮರಳುನೆಲದಲ್ಲಿ ಇಂಗುಗುಂಡಿಗೆ ಬಿಟ್ಟರೆ ಆ ನೀರು ಹೋಗುವುದು ಪಕ್ಕದ ಮನೆಯ ಬಾವಿಗೆ.

ಮೀನು ಲಾರಿಗಳು ಹೆದ್ದಾರಿಯುದ್ದಕ್ಕೂ ಗಲೀಜು ನೀರು ಸುರಿಸಿಕೊಂಡು ಹೋಗುವುದು ಕರಾವಳಿಯ ಹಳೆಯ ದೂರು. ಬೈಕ್ ಸವಾರರು ಜಾರಿ ಬೀಳುವ ವಿಷಯವಿದು. ಲಾರಿಯಡಿ ಒಂದು ಟ್ಯಾಂಕ್ ಕೂರಿಸಿ, ಅದನ್ನು ಖಾಲಿ ಮಾಡಲು ನಿಮ್ಮದೇ ಶುದ್ಧೀಕರಣ ಘಟಕದ ಬಳಿ ಜಾಗ ಮಾಡಿಕೊಟ್ಟರೆ ಊರವರ ಬೈಗುಳವೂ ನಿಲ್ಲುತ್ತದೆ.

ಕಂಪೆನಿಯ ಜಾಗ ಹೊಳೆಗೆ ತಾಗಿದ್ದರೆ ಅಲ್ಲಿರುವ ಕಾಂಡ್ಲಾ ಗಿಡಗಳನ್ನು ಮುಟ್ಟಬೇಡಿ. ಮಣ್ಣು ತುಂಬಿಸಿ ಅಂಗಳ ಹಿಗ್ಗಿಸುವ ಆಸೆ ಕರಾವಳಿ ನಿಯಂತ್ರಣ ವಲಯದ ಕಾನೂನಿಗೂ ವಿರುದ್ಧ. ಆ ಬೇರುಗಳ ನಡುವೆಯೇ ಮೀನಿನ, ಸಿಗಡಿಯ ಮರಿಗಳು ಬೆಳೆಯುವುದು.

ಕಸವಲ್ಲದ ಕಸ

ಮೀನಿನ ಕರುಳು, ತಲೆಯನ್ನು ಅರೆದು ಶೇ. 3ರಷ್ಟು ಫಾರ್ಮಿಕ್ ಆಮ್ಲ ಬೆರೆಸಿಟ್ಟರೆ ಕೆಲವೇ ದಿನಗಳಲ್ಲಿ ದ್ರವವಾಗುತ್ತದೆ. ಇದು ಪಶು ಆಹಾರಕ್ಕೂ, ಗಿಡಗಳಿಗೆ ಸಿಂಪಡಿಸಲೂ ಬರುತ್ತದೆ. ಬೆಲ್ಲ ಬೆರೆಸಿ ಕೊಳೆಸಿದ ದ್ರಾವಣವನ್ನು ಸಾವಯವ ಕೃಷಿಕರು ಕೇಳಿ ಒಯ್ಯುತ್ತಾರೆ. ತೆಂಗಿನ ಬುಡಕ್ಕೆ ಮೀನುಗೊಬ್ಬರ ಹಾಕುವ ಊರಿನಲ್ಲಿ ಇದಕ್ಕೆ ಗಿರಾಕಿ ಹುಡುಕಬೇಕಾಗಿಲ್ಲ. ಸಿಗಡಿ ಸಿಪ್ಪೆಯಿಂದ ಕೈಟೋಸಾನ್ ತೆಗೆಯುವ ಕಾರ್ಖಾನೆಗಳಿವೆ. ಒಬ್ಬರ ಶೆಡ್ಡಿನ ಸಿಪ್ಪೆ ಸಾಲದು, ನಾಲ್ಕು ಶೆಡ್ಡಿನವರು ಒಟ್ಟಾದರೆ ಲಾರಿ ಬರುತ್ತದೆ.

ಹಳೆಯ ಬಲೆ ಸಮುದ್ರಕ್ಕೆ ಬಿದ್ದರೆ ವರ್ಷಗಟ್ಟಲೆ ಯಾರಿಗೂ ಬೇಡದ ಬೇಟೆಯಾಡುತ್ತ ಇರುತ್ತದೆ, ಫ್ಯಾನಿಗೆ ಸುತ್ತಿಕೊಂಡು ಬೋಟನ್ನೂ ನಿಲ್ಲಿಸುತ್ತದೆ. ನೈಲಾನ್ ಬಲೆಗೆ ಮರುಬಳಕೆಯ ಮಾರುಕಟ್ಟೆ ಇದೆ. ಬಲೆ ಮಾರುವ ಅಂಗಡಿಯೇ ಹಳೆಯ ಬಲೆಯನ್ನು ತೂಕಕ್ಕೆ ಕೊಂಡು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವ ವ್ಯವಸ್ಥೆ ಮಾಡಬಹುದು. ಥರ್ಮೊಕೋಲ್ ಪೆಟ್ಟಿಗೆಯ ಬದಲು ತೊಳೆದು ಮತ್ತೆ ಬಳಸುವ ಪ್ಲಾಸ್ಟಿಕ್ ಕ್ರೇಟನ್ನು ಠೇವಣಿ ಪಡೆದು ಕೊಡುವ ಪದ್ಧತಿ ಒಳ್ಳೆಯದು.

ಎಂಜಿನ್‌ನ ಸುಟ್ಟ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಬೋಟಿನ ತಳದಲ್ಲಿ ನಿಂತ ಎಣ್ಣೆನೀರನ್ನು ಪಂಪ್ ಮಾಡಿ ಹೊಳೆಗೆ ಬಿಡುವುದು ರಾತ್ರಿಯಾದರೂ ತಪ್ಪೇ. ವರ್ಕ್‌ಶಾಪಿನಲ್ಲಿ ಮುಚ್ಚಳವಿರುವ ಡ್ರಮ್ ಇಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆದಾರರಿಗೆ ಮಾತ್ರ ಕೊಡಿ, ರಶೀದಿ ಇಟ್ಟುಕೊಳ್ಳಿ. ಡ್ರಮ್ಮು, ಬಲೆ ರಾಶಿ, ಗ್ಯಾಸ್ ಸಿಲಿಂಡರ್ ಒಂದೇ ಮೂಲೆಯಲ್ಲಿ ಇರಬಾರದು. 2023ರ ನವೆಂಬರ್‌ನಲ್ಲಿ ಗಂಗೊಳ್ಳಿಯಲ್ಲೇ ಬೆಂಕಿಗೆ ಹಲವು ಬೋಟುಗಳು ಸುಟ್ಟುಹೋದದ್ದು ಎಲ್ಲರ ನೆನಪಿನಲ್ಲಿದೆ. ಒಂದು ಬೆಂಕಿ ಅನಾಹುತ ವರ್ಷಗಳ ಪರಿಸರ ಕೆಲಸವನ್ನು ಒಂದೇ ದಿನದಲ್ಲಿ ಅಳಿಸಿಹಾಕಬಲ್ಲದು.

ಒಣಕಸಕ್ಕೆ ಜಿಲ್ಲೆಯಲ್ಲೇ ಒಳ್ಳೆಯ ಮಾದರಿಗಳಿವೆ. ಕುಂದಾಪುರ ಸೀಮೆಯ ವಂಡ್ಸೆ ಗ್ರಾಮ ಪಂಚಾಯತ್‌ನ ಘನ-ದ್ರವ ಸಂಪನ್ಮೂಲ ನಿರ್ವಹಣೆ ಘಟಕ ನೋಡಲು ದೂರದೂರದ ಪಂಚಾಯತ್‌ನವರು ಬಂದು ಹೋಗಿದ್ದಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣಕಸ ವಿಂಗಡಿಸುವ ದೊಡ್ಡ ಘಟಕವಿದೆ. ನಿಮ್ಮ ಪಂಚಾಯತ್‌ನ ಘಟಕಕ್ಕೆ ವಿಂಗಡಿಸಿದ ಕಸ ಕೊಟ್ಟು, ಶುಲ್ಕ ಕಟ್ಟಿ. ರಾತ್ರಿ ಹೆದ್ದಾರಿ ಬದಿಗೆ ಎಸೆಯುವ ಚೀಲದಲ್ಲಿ ನಿಮ್ಮ ಕಂಪೆನಿಯ ಬಿಲ್ ಸಿಕ್ಕರೆ ಮಾನ ಹೋಗುವುದು ನಿಮ್ಮದೇ.

ಮೀನಲ್ಲದ ಉದ್ಯಮಗಳಿಗೆ

ಅಕ್ಕಿ ಮಿಲ್ಲಿಗೆ ಇಂಧನ ಮನೆಯೊಳಗೇ ಇದೆ: ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೊ ಉಮಿ. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಬಾಯ್ಲರಿಗೆ ಅದು ಸಾಕು. ಸಮಸ್ಯೆ ಇರುವುದು ಹಾರುವ ಬೂದಿ ಮತ್ತು ಭತ್ತ ನೆನೆಸಿದ ಹಳದಿ ನೀರಿನಲ್ಲಿ. ಹಬೆ ಪೈಪಿಗೆ ಇನ್ಸುಲೇಶನ್ ಸುತ್ತಿ, ತಣ್ಣಗಾದ ಹಬೆಯ ಬಿಸಿನೀರನ್ನು ಬಾಯ್ಲರಿಗೇ ತಿರುಗಿಸಿದರೆ ಉಮಿ ಉಳಿದು ಮಾರಲು ಸಿಗುತ್ತದೆ. ಗೇರುಬೀಜ ಕಾರ್ಖಾನೆಯವರು ಸಿಪ್ಪೆಯನ್ನು ಹಾಗೇ ಸುಟ್ಟರೆ ಕಣ್ಣು ಉರಿಸುವ ಕಪ್ಪು ಹೊಗೆ. ಮೊದಲು ಎಣ್ಣೆ ಹಿಂಡಿಸಿ, ಉಳಿದ ಹಿಂಡಿಯನ್ನು ಇಂಧನ ಮಾಡಿದರೆ ಎರಡೂ ಕಡೆ ಲಾಭ. ಹೆಂಚಿನ ಕಾರ್ಖಾನೆಗಳಲ್ಲಿ ಒಲೆಯ ಬಿಸಿಗಾಳಿಯನ್ನೇ ಹಸಿ ಹೆಂಚು ಒಣಗಿಸಲು ತಿರುಗಿಸಿದರೆ ಸೌದೆ ಇಳಿಯುತ್ತದೆ.

ಕಾನೂನು, ನೆರವು, ಬಡಾಯಿ

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಹೆಚ್ಚಿನ ಕಾರ್ಖಾನೆಗಳಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸುವವರು ಅದರ ಷರತ್ತುಗಳನ್ನು ಓದುವುದು ಅಪರೂಪ. ಒಮ್ಮೆ ಓದಿ, ಅರ್ಧ ಕೆಲಸದ ಪಟ್ಟಿ ಅಲ್ಲೇ ಇರುತ್ತದೆ.

ಸಣ್ಣ ಉದ್ಯಮಕ್ಕೆ ನೆರವೂ ಇದೆ. ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2022ರ ಏಪ್ರಿಲ್‌ನಲ್ಲಿ ತಂದ ಜೆಡ್ (ಝೀರೋ ಡಿಫೆಕ್ಟ್, ಝೀರೋ ಎಫೆಕ್ಟ್) ಪ್ರಮಾಣೀಕರಣದಲ್ಲಿ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಹಂತ. ಪ್ರಮಾಣಪತ್ರದ ಶುಲ್ಕದಲ್ಲಿ ಸೂಕ್ಷ್ಮ ಘಟಕಕ್ಕೆ ಶೇ. 80, ಸಣ್ಣದಕ್ಕೆ ಶೇ. 60, ಮಧ್ಯಮಕ್ಕೆ ಶೇ. 50 ಸಹಾಯಧನ. ಉದ್ಯಮ್ ನೋಂದಣಿ ಇರಬೇಕು, ಅಷ್ಟೇ.

ಬಡಾಯಿಗೆ ಮಾತ್ರ ಇಳಿಯಬೇಡಿ. ಪುರಾವೆಯಿಲ್ಲದೆ ಪೊಟ್ಟಣದ ಮೇಲೆ ಪರಿಸರಸ್ನೇಹಿ, ಹಸಿರು, ಶೂನ್ಯ ಇಂಗಾಲ ಎಂದು ಅಚ್ಚು ಹಾಕುವುದರ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. "ಟನ್ ಐಸ್‌ಗೆ 72 ಯೂನಿಟ್ ಇದ್ದದ್ದು 64ಕ್ಕೆ ಇಳಿಸಿದ್ದೇವೆ" ಎಂದು ಬಿಲ್ ತೋರಿಸಿ ಹೇಳುವ ಒಂದು ಸಾಲಿಗೆ ಹತ್ತು ಹಸಿರು ಎಲೆಯ ಚಿತ್ರಗಳಿಗಿಂತ ಬೆಲೆ ಹೆಚ್ಚು.

ವರ್ಷದ ಕೆಲಸದ ಪಟ್ಟಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೇರೆ ಊರಿನ ಕಾರ್ಖಾನೆಗಳಿಗೆ ಇಂಥ ಬಿಡುವು ಸಿಗುವುದಿಲ್ಲ. ಪಟ್ಟಿ ಹೀಗಿರಲಿ.

ಜೂನ್, ಜುಲೈ: ಕಂಡೆನ್ಸರ್ ಸ್ವಚ್ಛತೆ, ಇನ್ಸುಲೇಶನ್, ಗ್ಯಾಸ್ ಸೋರಿಕೆ ಪರೀಕ್ಷೆ, ಬೋಟಿನ ಅಡಿ ಕೆರೆಸುವುದು, ಫ್ಯಾನ್ ದುರಸ್ತಿ, ಮಳೆನೀರಿನ ಪೈಪು, ಹಳೆ ಬಲೆ ವಿಲೇವಾರಿ.

ಆಗಸ್ಟ್, ಸೆಪ್ಟೆಂಬರ್: ಹೊಸ ಋತುವಿನ ಮೊದಲ ಅಂಕಿಗಳನ್ನು ಬರೆದು ಕಳೆದ ವರ್ಷದ್ದಕ್ಕೆ ಹೋಲಿಸುವುದು. ತಾಂಡೇಲರು, ಕೆಲಸಗಾರರೊಂದಿಗೆ ಒಂದು ಸಭೆ.

ಅಕ್ಟೋಬರ್‌ನಿಂದ ಡಿಸೆಂಬರ್: ಮರಿಮೀನು ನಿಯಮ, ಲಾರಿ ಹಂಚಿಕೆ, ಕ್ರೇಟ್ ಠೇವಣಿ ಇವುಗಳ ಪ್ರಯೋಗ.

ಜನವರಿಯಿಂದ ಮೇ: ನೀರಿನ ಲೆಕ್ಕದ ಮೇಲೆ ಕಣ್ಣು. ಸೌರ ಫಲಕದ ಕೊಟೇಶನ್ ತರಿಸಿ, ಮಳೆಗೆ ಮೊದಲು ಕೆಲಸ ಮುಗಿಸುವುದು.

ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಹಣ ಬೇಡದ ಕೆಲಸ ಮೊದಲು, ಒಂದೇ ವರ್ಷದಲ್ಲಿ ಹಾಕಿದ ಹಣ ಮರಳಿಸುವ ಕೆಲಸ ಆಮೇಲೆ, ದೊಡ್ಡ ಬಂಡವಾಳದ್ದು ಕೊನೆಗೆ. ಒಬ್ಬ ಜವಾಬ್ದಾರಿ ನೌಕರನ ಹೆಸರಿಗೆ ಈ ನೋಟ್‌ಬುಕ್ ಇರಲಿ, ತಿಂಗಳ ಮೊದಲ ವಾರ ಮಾಲೀಕರು ಅದಕ್ಕೆ ಸಹಿ ಹಾಕಲಿ. ಸಹಿ ಬೀಳದ ಲೆಕ್ಕ ಎರಡು ತಿಂಗಳಲ್ಲಿ ನಿಂತುಹೋಗುತ್ತದೆ.

ಬಂದರಿನ ಕಂಪೆನಿಗಳು ಬಿಡಿಬಿಡಿಯಾಗಿ ಮಾಡಲಾಗದ್ದೂ ಬಹಳ ಇದೆ: ಒಟ್ಟು ಶುದ್ಧೀಕರಣ ಘಟಕ, ಎಣ್ಣೆ ಸಂಗ್ರಹ, ಸಿಪ್ಪೆಯ ಲಾರಿ. ಅದಕ್ಕೆ ಮೀನುಗಾರರ ಸಹಕಾರಿ ಸಂಘಗಳು, ಐಸ್ ಪ್ಲಾಂಟ್ ಮಾಲೀಕರು, ಮೀನುಗಾರಿಕೆ ಇಲಾಖೆ, ಪಂಚಾಯತ್ ಒಂದೇ ಮೇಜಿಗೆ ಬರಬೇಕು. ಅಲ್ಲಿಗೆ ನೀವು ನಿಮ್ಮ ಹನ್ನೆರಡು ತಿಂಗಳ ಅಂಕಿಗಳೊಂದಿಗೆ ಹೋಗಿ. ಈ ಭಾನುವಾರವೇ ಬಿಲ್‌ಗಳನ್ನು ಹುಡುಕಿ ತೆಗೆಯಿರಿ.